ಇಬ್ಬರೇ ಹೊರಡುವ ಪ್ರಯಾಣ

ಹದಿಹರೆಯದ ಮಕ್ಕಳ ಆಪ್ತಸಮಾಲೋಚಕಿಯಾಗಿರುವ ನನ್ನ ಬಳಿಗೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಫಲಿತಾಂಶಕ್ಕಾಗಿ ಕಾಯುವ ದಿನಗಳಲ್ಲಿ ಬರುವ ತಂದೆತಾಯಂದಿರ ದೂರು ಸಾಮಾನ್ಯವಾಗಿ ಒಂದೇ ಆಗಿರುತ್ತದೆ: "ಮಗ ಮಾತನಾಡುವುದನ್ನೇ ಬಿಟ್ಟಿದ್ದಾನೆ, ಏನು ಕೇಳಿದರೂ ಏನಿಲ್ಲ ಅನ್ನುತ್ತಾನೆ." ಅಂಥವರಿಗೆ ನಾನು ಮೊದಲು ಕೊಡುವ ಕೆಲಸವೆಂದರೆ, ಒಂದು ವಾರ ಕಾಲ ತಾವು ಮಗುವಿಗೆ ಆಡಿದ ಮಾತುಗಳನ್ನು ಬರೆದಿಡುವುದು. ಮರಳಿ ಬಂದ ಹಾಳೆಗಳಲ್ಲಿ "ಎದ್ದೆಯಾ", "ಟ್ಯೂಷನ್‌ಗೆ ಹೊತ್ತಾಯಿತು", "ಫೋನ್ ಇಡು", "ಊಟಕ್ಕೆ ಬಾ", "ಇಷ್ಟು ಹೊತ್ತು ಎಲ್ಲಿದ್ದೆ" ಎಂಬ ಐದಾರು ಬಗೆಯ ಮಾತುಗಳೇ ತುಂಬಿರುತ್ತವೆ. ಇವೆಲ್ಲ ಪ್ರೀತಿಯಿಂದಲೇ ಹುಟ್ಟಿದ ಮಾತುಗಳೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆಜ್ಞೆಗೂ ವಿಚಾರಣೆಗೂ "ಹ್ಞೂಂ", "ಏನಿಲ್ಲ" ಎಂಬುದಕ್ಕಿಂತ ಹೆಚ್ಚಿನ ಉತ್ತರವನ್ನು ಯಾರಾದರೂ ಏಕೆ ಕೊಡಬೇಕು?

ಇಂಥ ಮನೆಗಳಿಗೆ ನಾನು ಹಲವು ವರ್ಷಗಳಿಂದ ಸೂಚಿಸುತ್ತ ಬಂದಿರುವ ಒಂದು ದಾರಿಯಿದೆ. ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರು ಮಾತ್ರ, ಆ ಒಂದು ಮಗುವನ್ನಷ್ಟೇ ಕರೆದುಕೊಂಡು ಎರಡು ದಿನ ಊರು ಬಿಟ್ಟು ಹೋಗಿಬರುವುದು. "ನಾವು ವರ್ಷಕ್ಕೊಮ್ಮೆ ಎಲ್ಲರೂ ಪ್ರವಾಸ ಹೋಗುತ್ತೇವಲ್ಲ" ಎಂದು ಕೆಲವರು ಹೇಳುತ್ತಾರೆ. ಮನೆಮಂದಿಯೆಲ್ಲ ಹೊರಟಾಗ ಮನೆಯೂ ಜೊತೆಗೇ ಹೊರಡುತ್ತದೆ. ಅಮ್ಮ ಚಪಾತಿ ಕಟ್ಟಿಕೊಳ್ಳುತ್ತಾಳೆ, ಅಪ್ಪ ದಾರಿ, ದುಡ್ಡು, ಪಾರ್ಕಿಂಗ್ ನೋಡಿಕೊಳ್ಳುತ್ತಾನೆ, ಮಕ್ಕಳು ಹಿಂದಿನ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕುಳಿತಿರುತ್ತಾರೆ. ನೆಂಟರ ಮನೆಯಲ್ಲಿ ಇಳಿದುಕೊಂಡರಂತೂ ಬಾಗಿಲಲ್ಲೇ "ಎಷ್ಟು ಪರ್ಸೆಂಟ್ ಬರಬಹುದು, ಸೈನ್ಸಾ ಕಾಮರ್ಸಾ" ಎಂಬ ಪ್ರಶ್ನೆ ಎದುರಾಗುತ್ತದೆ. ಆದ್ದರಿಂದ ನೆಂಟರಿರುವ ಊರಾದರೆ ಆ ಊರನ್ನೇ ಬಿಟ್ಟುಬಿಡಿ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಒಬ್ಬ ತಂದೆಯ ಅನುಭವವನ್ನು, ಅವರ ಒಪ್ಪಿಗೆ ಪಡೆದು ಗುರುತುಗಳನ್ನು ಬದಲಿಸಿ, ಇಲ್ಲಿ ಹೇಳುತ್ತಿದ್ದೇನೆ. ಬೆಂಗಳೂರಿನ ಅವರಿಗೂ ಹದಿನಾರರ ಮಗನಿಗೂ ಸುಮಾರು ಒಂದು ವರ್ಷದಿಂದ ಜಗಳವಲ್ಲದೆ ಬೇರೆ ಮಾತಿರಲಿಲ್ಲ. ಹಂಪಿಗೆ ಹೋಗಿಬನ್ನಿ, ಆದರೆ ಯಾವ ವಿಷಯವನ್ನೂ ನೀವಾಗಿ ಎತ್ತಬೇಡಿ ಎಂದು ನಾನು ಅವರಲ್ಲಿ ಕೇಳಿಕೊಂಡಿದ್ದೆ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟರೆ ಬೆಳಿಗ್ಗೆ ಹೊಸಪೇಟೆ. ಅಲ್ಲಿಂದ ಹಂಪಿಗೆ ಸುಮಾರು 13 ಕಿಲೋಮೀಟರ್. ಟಿಕೆಟ್ ತೆಗೆಯುವುದರಿಂದ ಹಿಡಿದು ಆಟೋದವರೊಂದಿಗೆ ಬಾಡಿಗೆ ಮಾತನಾಡುವವರೆಗೆ ಎಲ್ಲವನ್ನೂ ಮಗನೇ ನೋಡಿಕೊಂಡ. ಆಟೋಗೆ ಅವನು ನೂರು ರೂಪಾಯಿ ಹೆಚ್ಚೇ ಕೊಟ್ಟನೆಂದು ಗೊತ್ತಿದ್ದರೂ ಸುಮ್ಮನಿದ್ದದ್ದು ತಮಗೆ ಆ ಪ್ರವಾಸದ ಅತ್ಯಂತ ಕಷ್ಟದ ಕೆಲಸವಾಗಿತ್ತು ಎಂದು ಆ ತಂದೆ ಆಮೇಲೆ ಹೇಳಿದರು.

ಮೊದಲ ದಿನ ಮಧ್ಯಾಹ್ನದವರೆಗೂ ಇಬ್ಬರ ನಡುವೆ ಹತ್ತು ಮಾತು ಆಗಿರಲಾರದು. ವಿರೂಪಾಕ್ಷ ದೇವಸ್ಥಾನದ ಒಳಗೆ, ಪೂರ್ವದ ಮಹಾಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವ ಕತ್ತಲ ಕೋಣೆಯೊಂದಿದೆ. ಅದನ್ನು ಕಂಡ ತಂದೆ ತಮಗೆ ನಿಜವಾಗಿಯೂ ಅರ್ಥವಾಗದೆ, "ಇದು ಹೇಗೆ ಉಲ್ಟಾ ಬೀಳುತ್ತದೋ" ಎಂದರು. ಬೆಳಕು ನೇರವಾಗಿ ಚಲಿಸುವುದರಿಂದ ಮೇಲಿನ ಕಿರಣ ಸಣ್ಣ ರಂಧ್ರದ ಮೂಲಕ ಹಾದು ಕೆಳಕ್ಕೂ ಕೆಳಗಿನದು ಮೇಲಕ್ಕೂ ಹೋಗುತ್ತದೆ, ಸೂಜಿರಂಧ್ರ ಕ್ಯಾಮೆರಾ ಕೆಲಸ ಮಾಡುವುದೂ ಹೀಗೆಯೇ ಎಂದು ಮಗ ಕೈಯಲ್ಲಿ ಗೆರೆ ಎಳೆದು ತೋರಿಸಿದ. ಗಣಿತದಲ್ಲಿ ಹಿಂದೆ ಎಂದು ವರ್ಷವಿಡೀ ಬೈಸಿಕೊಂಡಿದ್ದ ಹುಡುಗನಿಂದ ತಂದೆ ಒಂದು ಪಾಠ ಹೇಳಿಸಿಕೊಂಡರು. ಅಂದು ರಾತ್ರಿ ಹನ್ನೊಂದೂವರೆಗೆ ದೀಪ ಆರಿಸಿ ಮಲಗಿದ ಮೇಲೆ, ಪಕ್ಕದ ಮಂಚದಿಂದ, "ಅಪ್ಪಾ, ನನಗೆ ಪಿಸಿಎಂಬಿ ಬೇಡ" ಎಂಬ ಮಾತು ಬಂತು. ಹಿಂದಿನ ಶಾಲೆಯಲ್ಲಿ ಆದ ಒಂದು ಅವಮಾನದ ವಿಷಯ ಹೊರಬಂದದ್ದು ಅದಾದ ಮೇಲೆ.

ಆ ಮಾತು ಆ ಹೊತ್ತಿಗೇ, ಆ ಕತ್ತಲೆಯಲ್ಲೇ ಬಂದುದಕ್ಕೆ ಕಾರಣಗಳಿವೆ. ಹದಿಹರೆಯದಲ್ಲಿ ನಿದ್ದೆಗೆ ಸಿದ್ಧಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುವುದು ಚಿಕ್ಕ ಮಕ್ಕಳಿಗಿಂತ ಒಂದೆರಡು ಗಂಟೆ ತಡವಾಗಿ. ಹಾಗಾಗಿ ನಾವು ತೂಕಡಿಸುವ ಹೊತ್ತಿಗೆ ಅವರ ಮನಸ್ಸು ಎಚ್ಚರವಾಗಿರುತ್ತದೆ. ಮನೆಯಲ್ಲಿ ಆ ಹೊತ್ತಿಗೆ ನಾವು ಬೇರೆ ಕೋಣೆಯಲ್ಲಿ ಮಲಗಿರುತ್ತೇವೆ, ಅವರ ಎಚ್ಚರಕ್ಕೆ ಜೊತೆಯಾಗುವುದು ಫೋನು. ಪ್ರಯಾಣದಲ್ಲಿ ಒಂದೇ ಕೋಣೆಯಲ್ಲಿರುವುದರಿಂದ ಆ ವೇಳೆ ನಮಗೆ ಸಿಗುತ್ತದೆ. ಇನ್ನು ಎದುರೆದುರು ಕುಳಿತು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಈ ವಯಸ್ಸಿನವರಿಗೆ ಅದು ವಿಚಾರಣೆಯಂತೆ ಭಾಸವಾಗುತ್ತದೆ. ರೈಲಿನ ಕಿಟಕಿಯ ಬಳಿ ಅಕ್ಕಪಕ್ಕ ಕುಳಿತಾಗ, ಗುಡ್ಡ ಹತ್ತುವಾಗ, ಕತ್ತಲಲ್ಲಿ ಮಲಗಿದಾಗ ಕಣ್ಣುಗಳಿಗೆ ಬೇರೆ ಕೆಲಸವಿರುತ್ತದೆ, ಮಾತು ಹಗುರವಾಗುತ್ತದೆ. ಸ್ಥಳ ಆರಿಸುವಾಗ ನಾನು ಪ್ರಸಿದ್ಧಿಗಿಂತ ಹೆಚ್ಚಾಗಿ ನೋಡುವುದು ಇದನ್ನೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳನ್ನು ದಾಟಿ ನಿಧಾನವಾಗಿ ಇಳಿಯುವ ಹಗಲು ರೈಲಿನಂಥ ಜಾಗ ನನ್ನ ಪಟ್ಟಿಯಲ್ಲಿ ಯಾವ ರೆಸಾರ್ಟಿಗಿಂತಲೂ ಮೇಲಿದೆ. ಅದಕ್ಕೆ ತಗಲುವ ಹಣವೂ ಕಡಿಮೆ.

ನಾನೇ ಮಾಡಿದ ತಪ್ಪೊಂದನ್ನು ಇಲ್ಲಿ ಹೇಳಬೇಕು. ನನ್ನ ಮಗಳು ಹದಿನೈದರಲ್ಲಿದ್ದಾಗ ನಾವಿಬ್ಬರೇ ಬಾದಾಮಿಗೆ ಹೋಗಿದ್ದೆವು. ಗುಹಾಲಯಗಳನ್ನು ನೋಡಿ ಕೆಳಗಿಳಿದ ಮೇಲೆ ಅವಳು ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕುಳಿತು, ಕೆಂಪು ಬಂಡೆಗಳು ನೀರಿನಲ್ಲಿ ಮೂಡಿರುವುದನ್ನು ನೋಡುತ್ತ, "ಅಮ್ಮಾ, ಸ್ವಲ್ಪ ಹೊತ್ತು ಇಲ್ಲೇ ಇರೋಣವಾ" ಎಂದಳು. ಪಟ್ಟದಕಲ್ಲು, ಐಹೊಳೆ ಎರಡನ್ನೂ ಅಂದೇ ಮುಗಿಸುವ ಆತುರದಲ್ಲಿ ನಾನು ಅವಳನ್ನು ಎಬ್ಬಿಸಿಕೊಂಡು ಹೊರಟೆ. ಎರಡು ಊರುಗಳನ್ನೂ ನೋಡಿದೆವು, ಆದರೆ ಅವಳು ಮತ್ತೆ ಅಂಥ ಕೋರಿಕೆ ಇಡಲಿಲ್ಲ. ಅವಳು ಏನು ಹೇಳಲು ಕುಳಿತಿದ್ದಳೋ ನನಗೆ ಇಂದಿಗೂ ತಿಳಿದಿಲ್ಲ. ಅಂದಿನಿಂದ ನಾನು ಪೋಷಕರಿಗೆ ದಿನಕ್ಕೆ ಒಂದೇ ಸ್ಥಳ ಇಟ್ಟುಕೊಳ್ಳಿ, ಉಳಿದ ಹೊತ್ತನ್ನು ಮಗುವಿಗೆ ಬಿಡಿ ಎನ್ನುತ್ತೇನೆ. ಬೆಳಿಗ್ಗೆ ಒಂಬತ್ತರವರೆಗೆ ಮಲಗಿದರೆ ಮಲಗಲಿ. ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಫೋನಿನ ನಿಯಮ ಹಾಕುವುದಾದರೆ ಅದು ಇಬ್ಬರಿಗೂ ಇರಲಿ. ಆಫೀಸಿನ ವಾಟ್ಸ್ಆ್ಯಪ್ ಗುಂಪನ್ನು ಬಿಡಲಾರದ ತಂದೆಯೇ ಮಗನಿಗಿಂತ ಹೆಚ್ಚು ಬಾರಿ ಆ ನಿಯಮ ಮುರಿಯುವುದನ್ನು ನಾನು ಬಲ್ಲೆ.

ತಾಯಂದಿರು ಕೇಳುವ ಮೊದಲ ಪ್ರಶ್ನೆ, "ಎರಡು ದಿನ ಅಡುಗೆಮನೆ ಯಾರು ನೋಡಿಕೊಳ್ಳುತ್ತಾರೆ" ಎಂಬುದು. ವಯಸ್ಸಾದ ಅತ್ತೆಮಾವ ಇರುವ ಮನೆಯಲ್ಲಿ ಇದು ಸಣ್ಣ ಪ್ರಶ್ನೆಯೇನಲ್ಲ; ಆದ್ದರಿಂದ ಇದಕ್ಕೆ ಉತ್ತರವನ್ನು ಗಂಡನೇ ಮೊದಲು ಹೇಳಬೇಕೆಂದು ನಾನು ಅವರನ್ನೂ ಕರೆಸಿ ಮಾತನಾಡುತ್ತೇನೆ. ಮನೆಯಲ್ಲಿ ಉಳಿಯುವ ತಮ್ಮನಿಗೋ ತಂಗಿಗೋ ಸುಳ್ಳು ಹೇಳದೆ, "ನಿನ್ನ ಸರದಿಯೂ ಬರುತ್ತದೆ" ಎಂದು ಹೇಳಿ ಆ ಮಾತನ್ನು ಉಳಿಸಿಕೊಂಡರೆ ಸಾಕು. ಮಗಳೊಂದಿಗೆ ಹೊರಡುವ ತಂದೆ ಎರಡು ಬೇರೆ ಮಂಚಗಳಿರುವ ಕೋಣೆಯನ್ನೋ ಎರಡು ಕೋಣೆಗಳನ್ನೋ ಅವಳನ್ನು ಕೇಳಿಯೇ ಕಾಯ್ದಿರಿಸಬೇಕು, ಲಾಡ್ಜಿನ ಕೌಂಟರಿನಲ್ಲಿ ಅವಳಿಗೆ ಮುಜುಗರವಾಗದಂತೆ ಇಬ್ಬರ ಗುರುತಿನ ಚೀಟಿಗಳನ್ನೂ ಕೈಯಲ್ಲೇ ಇಟ್ಟುಕೊಂಡಿರಬೇಕು, ಅವಳು ಕೇಳುವ ಮೊದಲೇ ಸ್ಯಾನಿಟರಿ ಪ್ಯಾಡಿನ ಪೊಟ್ಟಣವೊಂದು ಚೀಲದಲ್ಲಿರಬೇಕು. ಇಷ್ಟನ್ನು ಯೋಚಿಸಿ ಮಾಡಿದ ತಂದೆಯ ಬಗ್ಗೆ ಮಗಳಿಗೆ ಹುಟ್ಟುವ ನಂಬಿಕೆ ದೊಡ್ಡದು.

ಈ ಪ್ರಯಾಣವನ್ನು ಅಂಕಗಳಿಗೆ ಬಹುಮಾನವಾಗಿ ಇಡಬೇಡಿ. ತೊಂಬತ್ತು ಬಂದರೆ ಹೋಗೋಣ ಎಂದ ಕೂಡಲೇ, ಕಡಿಮೆ ಬಂದ ದಿನ ಮಗು ಅಂಕವನ್ನಷ್ಟೇ ಅಲ್ಲದೆ ನಿಮ್ಮನ್ನೂ ಕಳೆದುಕೊಳ್ಳುತ್ತದೆ. ಚಿಕಿತ್ಸೆಗೆ ಬದಲಿಯಾಗಿಯೂ ಇದನ್ನು ಕಾಣಬಾರದು. ಬದುಕುವುದು ಬೇಡವೆನಿಸುತ್ತದೆ ಎಂದೋ, ಯಾರೋ ಮೈಮುಟ್ಟಿ ಹಿಂಸಿಸಿದರೆಂದೋ ಮಗು ಹೇಳಿದರೆ, ಗಾಬರಿಯನ್ನಾಗಲಿ ಕೋಪವನ್ನಾಗಲಿ ತೋರಿಸದೆ ಪೂರ್ತಿ ಕೇಳಿ, "ಇದನ್ನು ನಾವಿಬ್ಬರೇ ಇಟ್ಟುಕೊಳ್ಳಲಾಗದು, ಯಾರ ಸಹಾಯ ಕೇಳೋಣವೆಂದು ಸೇರಿ ನಿರ್ಧರಿಸೋಣ" ಎಂದು ಹೇಳಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮನಸ್‌ನ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಸಹಾಯವಾಣಿ 1098.

ಇಂಥ ಅಪಾಯದ ವಿಷಯಗಳನ್ನು ಬಿಟ್ಟು ಬೇರೇನೇ ಹೇಳಿದ್ದರೂ, ಮಗುವಿನ ಅನುಮತಿ ಇಲ್ಲದೆ ಅದು ಮನೆಯಲ್ಲಿ ಮತ್ತೊಬ್ಬರ ಕಿವಿಗೆ ಬೀಳಬಾರದು. ಮನೆಯಲ್ಲಿ ಉಳಿದವರಿಗೂ ನಾನು ಮೊದಲೇ ಹೇಳಿರುತ್ತೇನೆ: ಬಾಗಿಲು ತೆರೆದಾಗ ಊಟ ಆಯಿತೇ ಎಂದು ಕೇಳಿ, ಏನು ಮಾತಾಡಿದಿರಿ ಎಂದು ಕೇಳಬೇಡಿ. ಹಂಪಿಗೆ ಹೋಗಿದ್ದ ಆ ತಂದೆ, ಪಿಸಿಎಂಬಿ ಬೇಡವೆಂಬ ಮಾತನ್ನು ಹೆಂಡತಿಗೂ ಹೇಳದೆ ಹನ್ನೆರಡು ದಿನ ಕಾದರು. ಹದಿಮೂರನೆಯ ದಿನ ಊಟಕ್ಕೆ ಕುಳಿತಾಗ ಮಗನೇ ಅಮ್ಮನಿಗೆ ಅದನ್ನು ಹೇಳಿದ, ಹೇಳುವ ಮೊದಲು ಒಮ್ಮೆ ಅಪ್ಪನ ಕಡೆ ನೋಡಿದ.