ಲಂಟಾನದ ಕಡ್ಡಿಯೂ ತೂಕದ ಗುಂಡೂ

ತುರಹಳ್ಳಿ ಕಾಡಿನಲ್ಲಿ ಹೋದ ಭಾನುವಾರ ಹೆಬ್ಬೆರಳು ಗಾತ್ರದ ಒಂದು ಲಂಟಾನ ಕಡ್ಡಿಯನ್ನು ಮುರಿಯಲು ಹೋದೆ. ಬಾಗಿತು, ಸಿಗಿದು ನಾರುನಾರಾಯಿತು, ತುಂಡಾಗಲಿಲ್ಲ. ಜೊತೆಗಿದ್ದ ಮಾವ ಸಕಲೇಶಪುರದ ಕಡೆಯವರು, ಅಜ್ಜನ ಜೋಡುನಳಿಗೆ ಕೋವಿಯ ಕಥೆ ಕೇಳುತ್ತಲೇ ಬೆಳೆದವರು. "ಇಂಥ ಪೊದೇಲಿ ಹಗುರ ಗುಂಡು ನಡೆಯಲ್ಲ ಕಣೋ. ತೂಕದ ಗುಂಡಾದ್ರೆ ಸೀಳ್ಕೊಂಡು ಹೋಗುತ್ತೆ" ಅಂದರು.

ಅಮೆರಿಕದ ಜಿಂಕೆ ಬೇಟೆಗಾರರೂ ತಲೆಮಾರುಗಳಿಂದ ಇದನ್ನೇ ಹೇಳುತ್ತ ಬಂದಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಬೇಟೆ ಅಪರಾಧ, ಅದು ಹಾಗೇ ಇರಲಿ. ಪರವಾನಗಿ ಪಡೆದು ಬೇಟೆಯಾಡುವ ದೇಶಗಳಲ್ಲಿ ಮಾತ್ರ ಇದು ಸಣ್ಣ ಪ್ರಶ್ನೆಯಲ್ಲ. ಈ ನಂಬಿಕೆ ಸುಳ್ಳಾದರೆ ಜಿಂಕೆ ನಿಂತಲ್ಲೇ ಸಾಯುವುದಿಲ್ಲ, ಹರಿದ ಹೊಟ್ಟೆಯಲ್ಲಿ ಓಡುತ್ತದೆ.

ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. ನಮ್ಮ ಅಕ್ಕಸಾಲಿಗರ ಗುಲಗಂಜಿಯಂತೆ ಇದೂ ಕಾಳಿನ ಅಳತೆಯೇ, ಮೂಲ ಬಾರ್ಲಿ ಕಾಳು. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಅಮೆರಿಕದ ಸೈನ್ಯ 1873ರಲ್ಲಿ ಬಳಕೆಗೆ ತಂದ .45-70 ತೋಟಾದ ಗುಂಡು 405 ಗ್ರೇನ್, ಅಂದರೆ 26 ಗ್ರಾಂ. ಅದರ ವೇಗ ಸೆಕೆಂಡಿಗೆ ಸುಮಾರು 400 ಮೀಟರ್. 1906ರ .30-06 ತೋಟಾದಲ್ಲಿ ಇಂದು ಸಾಮಾನ್ಯವಾಗಿ ಸಿಗುವ 180 ಗ್ರೇನ್ ಗುಂಡು 12 ಗ್ರಾಂ ಕೂಡ ಇಲ್ಲ, ಆದರೆ ಸೆಕೆಂಡಿಗೆ 820 ಮೀಟರ್ ಓಡುತ್ತದೆ. ತೂಕವನ್ನು ಕಿಲೋಗ್ರಾಂ ಲೆಕ್ಕಕ್ಕೆ ತಂದು ವೇಗದಿಂದ ಗುಣಿಸಿ ನೋಡಿ: ಮೊದಲನೆಯದರ ಸಂವೇಗ ಹತ್ತೂವರೆಯ ಆಸುಪಾಸು, ಎರಡನೆಯದರದು ಒಂಬತ್ತೂವರೆ. ಇಷ್ಟೇ ವ್ಯತ್ಯಾಸ! ಪೊದೆಯನ್ನು ಸೀಳುವ ದೈತ್ಯಬಲ ಎಂದು ನಂಬಿದ್ದು ಹತ್ತರಲ್ಲಿ ಒಂದು ಪಾಲಿನಷ್ಟು ಹೆಚ್ಚು, ಅಷ್ಟೆ.

ಕಡ್ಡಿ ತಗುಲಿದಾಗ ನಿಜವಾಗಿ ಏನಾಗುತ್ತದೆ ಎಂದು ತಿಳಿಯಲು ಒಂದು ಬುಗುರಿ ಸಾಕು. ಮನೆಗೆ ಬಂದು ಕೆಂಪು ಗಾರೆ ನೆಲದ ಮೇಲೆ ಮಗನ ಬುಗುರಿ ಬಿಟ್ಟೆ. ಅಲುಗದೆ ನಿಂತು ಗುಂಯ್‌ಗುಟ್ಟುತ್ತಿದ್ದುದರ ನೆತ್ತಿಯನ್ನು ಬೆರಳ ತುದಿಯಿಂದ ಒಂದಿಷ್ಟೇ ತಾಗಿಸಿದೆ. ಬೀಳಲಿಲ್ಲ, ತಲೆದೂಗುತ್ತ ಸುತ್ತತೊಡಗಿತು, ಹಾಗೆ ಸುತ್ತುತ್ತಲೇ ಜಾಗ ಬಿಟ್ಟು ಸರಿಯಿತು. ಗುಂಡಿನ ಪಾಡೂ ಇದೇ. ಗಾಳಿಯ ಒತ್ತಡ ಅದರ ತೂಕದ ಕೇಂದ್ರಕ್ಕಿಂತ ಮುಂದೆ, ಮೂತಿಯ ಕಡೆ ಬೀಳುವುದರಿಂದ ಚೂಪು ಗುಂಡು ಸದಾ ಲಾಗ ಹಾಕಲು ನೋಡುತ್ತಿರುತ್ತದೆ. ತಡೆಯುವುದು ತಿರುಗುವಿಕೆ. ನಳಿಗೆಯೊಳಗಿನ ಸುರುಳಿ ಗೀರು ಹತ್ತು ಅಂಗುಲಕ್ಕೊಂದು ಸುತ್ತು ಬಂದರೆ, ಆ .30-06 ಗುಂಡು ಸೆಕೆಂಡಿಗೆ ಮೂರು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತ ಹೊರಬೀಳುತ್ತದೆ. ಕಡ್ಡಿಯ ಅಂಚು ಮೂತಿಯನ್ನು ಒಂದು ಬದಿಗೆ ತಳ್ಳಿತೋ, ಗುಂಡು ಓಲಾಡುತ್ತದೆ. ಓಲಾಡಿದ ಗುಂಡಿನ ಪಕ್ಕೆಗೆ ಗಾಳಿ ಬಡಿದು ಇನ್ನಷ್ಟು ಪಕ್ಕಕ್ಕೆ ಒಯ್ಯುತ್ತದೆ.

ಮರದ ಕೋಲುಗಳ ಸಾಲಿನಾಚೆ ಕಾಗದದ ಗುರಿ ಇಟ್ಟು ಎಷ್ಟೋ ಜನ ಇದನ್ನು ಪರೀಕ್ಷಿಸಿದ್ದಾರೆ. ಹಗುರ, ಭಾರ, ಚೂಪು, ಮೊಂಡು, ಎಲ್ಲವೂ ದಾರಿ ತಪ್ಪುತ್ತವೆ. ಕೆಲವೊಮ್ಮೆ ಕಾಗದದಲ್ಲಿ ದುಂಡನೆಯ ತೂತಿನ ಬದಲು ಬೀಗದ ಕಿಂಡಿಯಂಥ ಉದ್ದ ತೂತು ಮೂಡುತ್ತದೆ. ಗುಂಡು ಅಡ್ಡಡ್ಡ ಬಂದು ಹೊಕ್ಕ ಗುರುತು ಅದು.

ಮಾವನ ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ. ತೆಳು ತಾಮ್ರದ ಹೊದಿಕೆಯ ಹಗುರ ಗುಂಡು ಅತಿವೇಗದಲ್ಲಿ ಕಡ್ಡಿಗೆ ಬಡಿದರೆ ಅಲ್ಲೇ ಅರಳಿ, ಒಡೆದು ಚೂರಾಗಬಹುದು. ನಿಧಾನದ, ದಪ್ಪನೆಯ, ಮೊಂಡು ಮೂತಿಯ ಗುಂಡು ಇಡಿಯಾಗಿ ಉಳಿಯುವ ಸಂಭವ ಹೆಚ್ಚು. ಲಾಗ ಹಾಕುವ ಚಟವೂ ಅದಕ್ಕೆ ಕಡಿಮೆ. ಆದರೆ ಅದೇ ಕೋವಿಗೆ ಬರೀ ತೂಕ ಹೆಚ್ಚಿಸಿದ ಗುಂಡು ತುಂಬಿದರೆ ಬೇರೆ ಕಥೆ. ವ್ಯಾಸ ಬದಲಾಗದೆ ತೂಕ ಏರಬೇಕಾದರೆ ಗುಂಡು ಉದ್ದವಾಗಲೇಬೇಕು, ಉದ್ದವಾದಷ್ಟೂ ಹೆಚ್ಚು ತಿರುಗಬೇಕು. ಇಂಗ್ಲೆಂಡಿನ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ 1879ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದರು. ನಳಿಗೆಯ ತಿರುಚು ಅದಕ್ಕೆ ಸಾಲದೆ ಹೋದರೆ ಭಾರದ ಗುಂಡೇ ಮೊದಲು ತತ್ತರಿಸುತ್ತದೆ.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಕಡ್ಡಿಯಿಂದ ಪ್ರಾಣಿಗೆ ಇರುವ ದೂರ. ಗುಂಡು ಒಂದೇ ಒಂದು ಡಿಗ್ರಿ ತಿರುಗಿತು ಅನ್ನಿ. ಪ್ರಾಣಿ ಪೊದೆಗೆ ಒತ್ತಿಕೊಂಡು ಒಂದು ಮೀಟರ್ ಆಚೆ ನಿಂತಿದ್ದರೆ ಎರಡು ಸೆಂಟಿಮೀಟರ್ ಕೂಡ ತಪ್ಪದು. ಹತ್ತು ಮೀಟರ್ ಆಚೆ ಇದ್ದರೆ ಹದಿನೇಳು, ಮೂವತ್ತು ಮೀಟರಾದರೆ ಅರ್ಧ ಮೀಟರ್. ಜಿಂಕೆಯ ಎದೆಯಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ಒಂದು ಊಟದ ತಟ್ಟೆಯಷ್ಟು.

ಎಲ್ಲಕ್ಕಿಂತ ಕೆಟ್ಟ ಕಡ್ಡಿ ಕೋವಿಯ ಬಾಯಿಯ ಹತ್ತಿರದ್ದು. ಗುರಿ ನೋಡಲು ಕೋವಿಯ ಮೇಲೆ ಕೂರಿಸಿದ ದುರ್ಬೀನು ದೂರದ ಜಿಂಕೆಯ ಮೇಲೆ ನೆಟ್ಟಿರುವುದರಿಂದ ಎರಡು ಮಾರು ಆಚೆಗಿನ ಕಡ್ಡಿ ಅದರೊಳಗೆ ಮಂಜಾಗಿ ಕರಗಿಹೋಗುತ್ತದೆ. ಅದೂ ಅಲ್ಲದೆ ದುರ್ಬೀನು ಕೂತಿರುವುದು ನಳಿಗೆಯಿಂದ ನಾಲ್ಕು ಸೆಂಟಿಮೀಟರಿನಷ್ಟು ಮೇಲೆ. ಕಣ್ಣಿನ ದಾರಿ ಕಡ್ಡಿಯ ಮೇಲಿಂದ ಸಲೀಸಾಗಿ ಹಾಯುತ್ತದೆ, ಗುಂಡಿನ ದಾರಿ ನೇರ ಅದರೊಳಗೆ.