ಬ್ಯಾಕ್ಟೀರಿಯಾ ಕೊಲ್ಲುವ ಬದಲು ಅವುಗಳ ಮಾತು ನಿಲ್ಲಿಸಿದರೆ?

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ದಿನಾ ಡ್ರೆಸ್ಸಿಂಗ್ ಮಾಡುವ ದಾವಣಗೆರೆಯ ನರ್ಸ್‌ಗಳಿಗೆ ಒಂದು ಬಣ್ಣ ಚೆನ್ನಾಗಿ ಗೊತ್ತು. ಬ್ಯಾಂಡೇಜ್ ಬಿಚ್ಚಿದಾಗ ಒಳಪದರಕ್ಕೆ ಅಂಟಿರುವ ನೀಲಿ ಬೆರೆತ ಹಸಿರು ಕೀವು. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡಿರುವುದಕ್ಕೆ ಅದು ಗುರುತು.

ಈ ಬ್ಯಾಕ್ಟೀರಿಯಾ ಸ್ವಲ್ಪವೇ ಇದ್ದಾಗ ಬಹುಮಟ್ಟಿಗೆ ಸುಮ್ನಿರುತ್ತದೆ. ಗುಂಪು ದೊಡ್ಡದಾದ ಮೇಲೆ ಎಲ್ಲವೂ ಒಟ್ಟಿಗೆ ಆ ಬಣ್ಣ, ವಿಷ ಬಿಡುತ್ತವೆ. ಮೇಲೆ ಲೋಳೆ ಪೊರೆಯನ್ನೂ ಕಟ್ಟಿಕೊಳ್ಳುತ್ತವೆ. ಆಮೇಲೆ ಆ್ಯಂಟಿಬಯೋಟಿಕ್ ಅಷ್ಟು ಸುಲಭವಾಗಿ ನಾಟುವುದಿಲ್ಲ. ಕಾಲು ತೆಗೆಸಿಕೊಂಡವರ ಮನೆ ನೋಡಿದವರಿಗೆ ಇದು ಬರೀ ಲ್ಯಾಬಿನ ವಿಷಯ ಅಲ್ಲ.

ಗುಂಪು ಕೂಡಿದ್ದು ಅವಕ್ಕೆ ತಿಳಿಯುವುದಾದರೂ ಹೇಗೆ? ಉತ್ತರದ ಎಳೆ ಸಿಕ್ಕಿದ್ದು ಸಮುದ್ರದ ಬ್ಯಾಕ್ಟೀರಿಯಾದಲ್ಲಿ. ಬೆಳಕು ಬೀರುವ ಒಂದು ಜಾತಿಯನ್ನು ಅಮೆರಿಕದ ನೀಲ್ಸನ್, ಪ್ಲಾಟ್, ಹೇಸ್ಟಿಂಗ್ಸ್ ಬೆಳೆಸಿ ನೋಡಿದರು. ಕಡಿಮೆ ಇದ್ದಾಗ ಬೆಳಕಿಲ್ಲ, ದಟ್ಟವಾದ ಮೇಲೆ ಒಮ್ಮೆಲೇ ಹೊಳೆಯಿತು. ಪ್ರತಿಯೊಂದೂ ಒಂದು ರಾಸಾಯನಿಕ ಬಿಡುತ್ತದೆ, ಅದು ಸುತ್ತ ಸಾಕಷ್ಟು ಕೂಡಿದಾಗ ಕೆಲಸ ಶುರು ಎಂದು 1970ರಲ್ಲಿ ಬರೆದರು. ಆ ರಾಸಾಯನಿಕ ಯಾವುದೆಂದು ಗೊತ್ತಾಗಿದ್ದು 1981ರಲ್ಲಿ. ಗ್ರಾಮಸಭೆಗೆ ಕೋರಂ ಬೇಕಲ್ವಾ, ಹಾಗೇ ಇದು. 1994ರಲ್ಲಿ ‘ಕೋರಂ ಸೆನ್ಸಿಂಗ್’ ಎಂಬ ಹೆಸರೂ ಬಂತು.

ಹಾಗಾದರೆ ಆ ಸಂದೇಶವನ್ನೇ ಕೆಡಿಸಿದರೆ? ಆಸ್ಟ್ರೇಲಿಯಾದ ಒಂದು ಕೆಂಪು ಕಡಲಪಾಚಿ ಅದನ್ನೇ ಮಾಡುತ್ತದೆ ಎಂಬುದು 1990ರ ದಶಕದಲ್ಲಿ ತಿಳಿಯಿತು. 2001ರಲ್ಲಿ ಸಿಂಗಪುರದ ವಿಜ್ಞಾನಿಗಳು ಸಂದೇಶ ಮುರಿಯುವ ಕಿಣ್ವದ ಜೀನನ್ನು ಆಲೂಗಡ್ಡೆ, ತಂಬಾಕು ಗಿಡಕ್ಕೆ ಸೇರಿಸಿದರು. ಮೆತ್ತಗೆ ಕೊಳೆಯುವ ರೋಗ ತಗ್ಗಿತು. ಈರುಳ್ಳಿಯನ್ನು ಕೊಳೆಸುವುದೂ ಅದೇ ಗುಂಪಿನ ಬ್ಯಾಕ್ಟೀರಿಯಾ. ಚಳ್ಳಕೆರೆ, ಹಿರಿಯೂರು ಕಡೆಯ ಬೆಳೆಗಾರರಿಗೆ ಆ ನಾತದ ಪರಿಚಯ ಹೇಳಬೇಕಿಲ್ಲ.

ಕೊಲ್ಲದೇ ಇರುವುದರಿಂದ ಔಷಧಿಗೆ ಬಗ್ಗದ ತಳಿ ಹುಟ್ಟುವ ಒತ್ತಡ ಕಡಿಮೆ ಎಂಬುದು ದೊಡ್ಡ ಆಸೆ. ಆದರೆ ಇದನ್ನು ಪವಾಡ ಎಂದು ಹೊಗಳುವುದು ತಪ್ಪು ಅಂತ ನನಗನ್ನಿಸುತ್ತದೆ. ತಡೆಯುವ ವಸ್ತುವನ್ನು ಹೊರಗೆ ತಳ್ಳಲು ಕಲಿತ ಸ್ಯೂಡೊಮೊನಾಸ್ ಆಗಲೇ ಲ್ಯಾಬಿನಲ್ಲಿ ಕಂಡಿದೆ. ಪಾಚಿಯಿಂದ ಬಂದ ವಸ್ತುಗಳಲ್ಲಿ ಕೆಲವು ನಮ್ಮ ಜೀವಕೋಶಗಳಿಗೂ ವಿಷ. ಇದೊಂದೇ ಕೆಲಸಕ್ಕೆಂದು ಮಾಡಿದ ಔಷಧಿ ಇನ್ನೂ ನಮ್ಮ ಮೆಡಿಕಲ್ ಶಾಪ್ ತಲುಪಿಲ್ಲ.

ಕಾಲರಾ ವಿಷಯವಂತೂ ಪೂರ್ತಿ ತಿರುಗುಮುರುಗು. ಆ ಬ್ಯಾಕ್ಟೀರಿಯಾ ಗುಂಪು ದೊಡ್ಡದಾದಾಗ ವಿಷ ನಿಲ್ಲಿಸಿ ಹೊರಡುತ್ತದೆ. ಅಲ್ಲಿ ಮಾತು ನಿಲ್ಲಿಸಿದರೆ ಕೆಡುಕೇ ಜಾಸ್ತಿ. ಅದಕ್ಕೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು, ಕಾಲರಾದ ಸಂದೇಶವನ್ನು ಬಿಡುವ ನಿರುಪದ್ರವಿ ಬ್ಯಾಕ್ಟೀರಿಯಾವನ್ನು ಇಲಿಮರಿಗಳಿಗೆ ಮೊದಲೇ ಕುಡಿಸಿದರು. ಆಮೇಲೆ ಕಾಲರಾ ಕೊಟ್ಟಾಗ ಹೆಚ್ಚಿನ ಮರಿಗಳು ಬದುಕಿದವು ಎಂದು 2010ರಲ್ಲಿ ವರದಿ ಮಾಡಿದರು.