ಭಾರ ಹಿಂದಕ್ಕೆ ಹಾಕಿದರೆ ಕಾರಿಗೆ ಹಗುರ ಅಲ್ಲವೇ?

ಪ್ರಶ್ನೆ: ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಾಯಿಸುತ್ತಿದ್ದೇವೆ. ನಮ್ಮದು ಸಣ್ಣ ಎಸ್‌ಯುವಿ, 1,500 ಪೌಂಡ್ ಎಳೆಯಬಹುದು ಎಂದು ಮ್ಯಾನ್ಯುಯಲ್‌ನಲ್ಲಿದೆ. ವಾಷಿಂಗ್ ಮಷೀನನ್ನು ಟ್ರೈಲರಿನ ಹಿಂಬಾಗಿಲ ಕಡೆ ಇಟ್ಟರೆ ಕಾರಿನ ಮೇಲೆ ಹೊರೆ ಕಡಿಮೆಯಾಗುತ್ತದಲ್ಲವೇ?

ಉತ್ತರ: ಆಗುತ್ತದೆ. ಅದೇ ತೊಂದರೆ. ಪ್ರತಿ ಬೇಸಿಗೆಯಲ್ಲೂ ಈ ಪ್ರಶ್ನೆ ತಪ್ಪದೆ ಬರುತ್ತದೆ, ‘ಬೇಡ’ ಎಂದು ಒಂದೇ ಮಾತಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಹಾಗಾಗಿ ಈ ಸಲ ಉದ್ದಕ್ಕೇ ಹೇಳುತ್ತೇನೆ.

ಎತ್ತಿನ ಗಾಡಿ ಹೇರುವವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ನೊಗ ಹೆಗಲು ಬಿಡುತ್ತದೆ, ಕೊರಳಿನ ಹಗ್ಗ ಎತ್ತಿಗೆ ಉರುಳಾಗುತ್ತದೆ. ಅದಕ್ಕೇ ಹೇರುವಾಗಲೇ ತುಸು ಮುಂಭಾರ ಇರುವಂತೆ ನೋಡಿಕೊಳ್ಳುತ್ತಾರೆ. ಒಂದೇ ಅಚ್ಚಿನ ಟ್ರೈಲರ್ ಎಂದರೆ ಅದೇ ಗಾಡಿ, ಓಟ ಮಾತ್ರ ಗಂಟೆಗೆ 55 ಮೈಲಿ.

ಹಿಂಭಾರದ ಟ್ರೈಲರ್, ತನ್ನನ್ನು ಕಾರಿಗೆ ಸಿಕ್ಕಿಸುವ ಲೋಹದ ಗುಂಡನ್ನು, ಅಂದರೆ ಬಾಲ್ ಅನ್ನು, ಮೇಲಕ್ಕೆ ಎತ್ತುತ್ತದೆ, ಕಾರಿನ ಹಿಂದಿನ ಟೈರುಗಳ ಹಿಡಿತ ಸಡಿಲವಾಗುತ್ತದೆ. ಪಕ್ಕದಲ್ಲಿ ದೊಡ್ಡ ಟ್ರಕ್ ಹಾದು ಗಾಳಿ ತಳ್ಳಿದರೆ ಟ್ರೈಲರಿನ ಬಾಲ ಒಂದು ಕಡೆಗೆ ವಾಲುತ್ತದೆ. ಮುಂಭಾರ ಸರಿಯಿದ್ದರೆ ಒಂದೆರಡು ತೂಗಿಗೆ ಅದು ತಾನೇ ನಿಲ್ಲುತ್ತದೆ. ಹಿಂಭಾರವಿದ್ದು ವೇಗವೂ ಹೆಚ್ಚಿದ್ದರೆ ಪ್ರತಿ ತೂಗೂ ಹಿಂದಿನದಕ್ಕಿಂತ ದೊಡ್ಡದಾಗುತ್ತಾ ಹೋಗಿ ಕೊನೆಗೆ ಟ್ರೈಲರ್ರೇ ಕಾರನ್ನು ತಿರುಗಿಸಿಬಿಡುತ್ತದೆ. ಊರೊಳಗೆ 30 ಮೈಲಿಯಲ್ಲಿ ಸುಮ್ಮನೆ ಬಂದ ಗಾಡಿ ಹೆದ್ದಾರಿಯಲ್ಲಿ ಹುಚ್ಚೇಳುವುದು ಹೀಗೆ. ‘ನಾನು ಹಿಂದೆಯೇ ಇಟ್ಟು ಹೋಗಿದ್ದೆ, ಏನೂ ಆಗಲಿಲ್ಲ’ ಎನ್ನುವವರು ಆ ವೇಗ ಮುಟ್ಟಿರಲಿಲ್ಲ, ಅಷ್ಟೇ.

ಅಮೆರಿಕದ ಲೆಕ್ಕ: ಟ್ರೈಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಬಾಲ್ ಮೇಲೆ ಕೂರಬೇಕು. ಈಗ ನಿಮ್ಮ ಗಾಡಿಗೆ ಬರೋಣ. 4x8 ಅಡಿಯ ಮುಚ್ಚಿದ ಬಾಡಿಗೆ ಟ್ರೈಲರ್ ಖಾಲಿಯೇ ಸುಮಾರು 850 ಪೌಂಡ್. ಮೇಲೆ 400 ಹೇರಿದರೆ 1,250, ಅಂದರೆ ಬಾಲ್ ಮೇಲೆ ಕನಿಷ್ಠ 125 ಬೇಕು. ಇಂಥ ಕಾರುಗಳಲ್ಲಿ ಬಾಲ್ ತಡೆಯುವ ಮಿತಿ ಸಾಮಾನ್ಯವಾಗಿ 150. ನಿಮಗೆ ಉಳಿದ ಸಂದು 25 ಪೌಂಡ್! 1,500 ಭರ್ತಿ ಹೇರಿದರೆ ಆ ಸಂದೂ ಇಲ್ಲ. ಹಿಚ್ (ಬಾಲ್ ಕೂರಿಸಲು ಕಾರಿನ ಹಿಂದೆ ಬಿಗಿದ ಕೊಂಡಿ) ಮೇಲೆ 2,000 ಎಂದು ಕೆತ್ತಿದ್ದರೂ ಲೆಕ್ಕಕ್ಕೆ ಬರುವುದು ಕಾರು, ಹಿಚ್, ಬಾಲ್ ಮೂರರಲ್ಲಿ ಕಡಿಮೆ ಇರುವ ಸಂಖ್ಯೆ.

ಅಂದಾಜು ಬೇಡ, ತೂಗಿ. ಸಮತಟ್ಟಾದ ಜಾಗದಲ್ಲಿ ಟ್ರೈಲರಿನ ಚಕ್ರಕ್ಕೆ ಅಡೆ ಕೊಟ್ಟು, ಕಪ್ಲರ್ ಅನ್ನು (ಬಾಲ್ ಮೇಲೆ ಕೂರುವ ಟ್ರೈಲರಿನ ಬಾಯಿ) ಬಾಲ್‌ನಷ್ಟೇ ಎತ್ತರಕ್ಕೆ ಬರುವಂತೆ ಮರದ ತುಂಡಿನ ಮೇಲೆ ಇಟ್ಟು, ಆ ತುಂಡಿನ ಕೆಳಗೆ ಮನೆಯ ತೂಕದ ಯಂತ್ರ ಇಡಿ. ಕಡಿಮೆ ಬಂತೇ? ಅಚ್ಚಿನಿಂದ ಬಾಲ್‌ಗೆ 8 ಅಡಿ ಇದ್ದರೆ, 100 ಪೌಂಡಿನ ಪೆಟ್ಟಿಗೆಯನ್ನು 2 ಅಡಿ ಮುಂದೆ ಸರಿಸಿದಾಗ ಬಾಲ್ ಮೇಲೆ 25 ಪೌಂಡ್ ಏರುತ್ತದೆ. ಹಾಗಂತ ಮೂಲೆಗೊಂದು ಭಾರ ಇಟ್ಟು ಸರಿದೂಗಿಸಬೇಡಿ. ತೂಕದ ಯಂತ್ರ ಸರಿ ತೋರಿಸಿದರೂ ಎರಡು ತುದಿಯ ಭಾರಕ್ಕೆ ತೂಗಾಟ ಹೆಚ್ಚು. ವಾಷಿಂಗ್ ಮಷೀನಿನ ಜಾಗ ಅಚ್ಚಿನ ಮೇಲೆ, ಸ್ವಲ್ಪ ಮುಂದಕ್ಕೆ, ತಳದಲ್ಲಿ. ದಿಂಬು, ಬಟ್ಟೆ ಹಿಂಬಾಗಿಲಿಗೆ.

ಕಾರಿನ ಹಿಂಭಾಗ ಒಂದಿಂಚು ಕುಸಿದರೆ ಕುಸಿಯಲಿ. ಹೆಡ್‌ಲೈಟ್ ಆಕಾಶ ನೋಡುವಷ್ಟು, ಸ್ಟೀರಿಂಗ್ ಹಗುರಾಗುವಷ್ಟು ಕುಸಿದರೆ ಸಾಮಾನು ಇಳಿಸಿ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಜನ ಮತ್ತು ಸಾಮಾನಿನ ಮಿತಿ ಬರೆದಿರುತ್ತದೆ. ಬಾಲ್ ಮೇಲಿನ ಭಾರವೂ ಆ ಲೆಕ್ಕಕ್ಕೇ ಸೇರುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. 2 ಇಂಚಿನ ಕಪ್ಲರ್‌ಗೆ 1⅞ ಇಂಚಿನ ಬಾಲ್ ಹಾಕಿದರೂ ಚಿಲಕ ಕೂರುತ್ತದೆ, ಗುಂಡಿಗೆ ಬಿದ್ದಾಗ ಹಾರುತ್ತದೆ. ಬಾಲ್ ಮೇಲೆ ಕೆತ್ತಿರುವ ಅಳತೆ ಓದಿ. ಸರಪಳಿಗಳನ್ನು ಮೂಕಿಯ ಅಡಿಯಲ್ಲಿ ಕತ್ತರಿಯಾಗಿ ಹಾಕಿ, ಕಪ್ಲರ್ ಕಳಚಿದರೂ ಅದರ ಮೇಲೆ ಬೀಳುವಂತೆ. ದೀಪಗಳು ಮಂಕಾಗಿ, ಅಡ್ಡಾದಿಡ್ಡಿ ಮಿನುಗಿದರೆ ಮೊದಲು ಬಿಳಿ ವೈರ್ ನೋಡಿ, ಅರ್ತ್ ಸಡಿಲವಾಗಿರುತ್ತದೆ. ತೂಗಾಟ ಶುರುವಾದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೀರಿಂಗ್ ನೇರ ಹಿಡಿಯಿರಿ. ಜೋರಾಗಿ ಬ್ರೇಕ್ ಬೇಡ, ‘ವೇಗ ಕೊಟ್ಟರೆ ನೇರವಾಗುತ್ತೆ’ ಎಂಬ ಮಾತೂ ಬೇಡ.

ಕೇಳದಿದ್ದರೂ ಹೇಳಿಬಿಡುತ್ತೇನೆ, ಜರ್ಮನಿಯಲ್ಲಿರುವ ಬಂಧುಗಳು ಹೇಗೂ ತಕರಾರು ತೆಗೆಯುತ್ತಾರೆ. ಅಲ್ಲಿ ಟ್ರೈಲರಿನ ತೂಕದ ಶೇ 4ರಷ್ಟು ಬಾಲ್ ಮೇಲಿದ್ದರೆ ಕಾನೂನಿಗೆ ಸಾಕು, ಹಲವು ಕಾರುಗಳಿಗೆ 75 ಕಿಲೋ ಗರಿಷ್ಠ. ಮಾಮೂಲಿ ಸೆಡಾನ್‌ಗಳೇ ಕ್ಯಾರವಾನ್ ಎಳೆಯುತ್ತವೆ. ಅದಕ್ಕೆ ತಕ್ಕ ಹಾಗೆ ಓಟಕ್ಕೂ ಲಗಾಮಿದೆ: ವೇಗಮಿತಿಯೇ ಇಲ್ಲ ಎಂದು ಹೆಸರಾದ ಆಟೋಬಾನ್‌ನಲ್ಲೂ ಟ್ರೈಲರ್ ಕಟ್ಟಿದ ಕಾರಿಗೆ 80 ಕಿ.ಮೀ., ಪರೀಕ್ಷೆಯಾಗಿ ಹಿಂದೆ ‘100’ರ ಬಿಲ್ಲೆ ಅಂಟಿಸಿಕೊಂಡವರಿಗೆ 100. ಆ ಶೇ 4 ಹಿಡಿದುಕೊಂಡು ಟೆಕ್ಸಸ್‌ನಲ್ಲಿ 75 ಮೈಲಿ, ಅಂದರೆ 120 ಕಿ.ಮೀ., ಓಡಿಸಬೇಡಿ.